ಸಗಣಿಯ ಮೇಲೇಳುವ ಅಣಬೆ

ಮಳೆಗಾಲದಲ್ಲಿ ಹುತ್ತದ ಅಣಬೆಯನ್ನು ಆರಿಸಿ ತಂದು ಉಣ್ಣುವುದು ಮಲೆನಾಡಿನ ವಾಡಿಕೆ. ಹೊನ್ನೆಮರಡಿನಂತಹ ತೇವದ ಸೀಮೆಯಲ್ಲಿ ಗೋಮಾಳದ ಹಳೆಯ ಸಗಣಿಯ ಮೇಲೇಳುವ ಅಣಬೆಗಳಾದರೋ ಬೇರೆ ಜಾತಿಯವು. ಉಷ್ಣದೇಶಗಳ ಸಗಣಿಯಲ್ಲಿ ಬೆಳೆಯುವ ಸೈಲೊಸೈಬಿ ಕ್ಯೂಬೆನ್ಸಿಸ್ ಎಂಬುದು ಬುದ್ಧಿಯನ್ನು ಕದಡತಕ್ಕದ್ದು. ಇದರ ಕೊಡೆ ನಡುವೆ ಹೊಂಬಣ್ಣ, ಅಂಚಿಗೆ ಬಿಳುಪು, ಕಾಂಡಕ್ಕೆ ತೆಳುವಾದ ಉಂಗುರವುಂಟು, ಜಜ್ಜಿದೆಡೆ ನೀಲಿಯೇರುವುದು. ಆದರೆ ನೀಲಿಯೊಂದನ್ನೇ ನಂಬುವುದು ಅವಿವೇಕ. ನೋಟಕ್ಕೆ ಇದನ್ನು ಹೋಲುವ ಪ್ರಾಣಘಾತಕ ಅಣಬೆಗಳೂ ಇವೆ. ಬೇಯಿಸಿದರೆ ದೋಷ ಕಳೆಯುವುದೆಂಬ ಮಾತೂ ನಂಬತಕ್ಕದ್ದಲ್ಲ. ತಿಂದವನಿಗೆ ಸುಮಾರು ಒಂದು ಗಂಟೆಯೊಳಗೆ ಇಲ್ಲದ್ದು ಕಾಣುವುದು, ಭಯ, ಓಕರಿಕೆ ತೋರುವುವು. ಗಾಳಿ ಸೋಂಕಿತೆಂದು ಕಾಲಹರಣ ಮಾಡದೆ, ಉಳಿದ ಅಣಬೆಯೊಡನೆ ಆಸ್ಪತ್ರೆಗೆ ಒಯ್ಯಬೇಕು.

ಇದರ ಸಾರವಾದ ಸೈಲೊಸೈಬಿನ್ನನ್ನು 1958ರಲ್ಲಿ ಸ್ವಿಟ್ಜರ್ಲೆಂಡಿನ ಆಲ್ಬರ್ಟ್ ಹಾಫ್‌ಮನ್ನರು ಅಣಬೆಯಿಂದ ಬೇರ್ಪಡಿಸಿದರು. ನಮ್ಮ ದೇಶದ 1985ರ ಮಾದಕವಸ್ತು ಕಾಯಿದೆಯು ಇದನ್ನು ಮನೋವರ್ತಕ ಪದಾರ್ಥಗಳ ಪಟ್ಟಿಯಲ್ಲಿ ಸೇರಿಸಿದೆ. 2025ರ ಜನವರಿಯಲ್ಲಿ ಕೇರಳ ಹೈಕೋರ್ಟು ಒಂದು ಜಾಮೀನಿನ ಪ್ರಕರಣದಲ್ಲಿ, ಅಣಬೆಯು ಮಿಶ್ರಣವಲ್ಲವಾದುದರಿಂದ ಅದರ ಒಟ್ಟು ತೂಕವನ್ನೇ ಮಾದಕದ ತೂಕವೆಂದು ಎಣಿಸಲಾಗದೆಂದಿತು. ಇದನ್ನು ಕೇಳಿ ಆರಿಸಿ ಮಾರಲು ಅನುಮತಿ ದೊರೆಯಿತೆಂದು ಭ್ರಮಿಸುವವರುಂಟು, ಅದು ಸರಿಯಲ್ಲ.

ಪರಸ್ಥಳದವರು ಹಣದಾಸೆ ತೋರಿ ದನಗಾಹಿ ಹುಡುಗರಿಂದ ಇದನ್ನು ಆರಿಸಿಸಲು ಬಂದರೆ, ಗ್ರಾಮದ ಮುಖಂಡರೂ ಜಮೀನುದಾರರೂ ಅದಕ್ಕೆ ಎಡೆಗೊಡಬಾರದು. ಕೊಟ್ಟಿಗೆಯ ಸಗಣಿಯನ್ನು ಬಯಲಲ್ಲಿ ಬಿಡದೆ ದಿನಂಪ್ರತಿ ಗೊಬ್ಬರದ ಗುಂಡಿಗೆ ಹಾಕಿ ಮುಚ್ಚತಕ್ಕದ್ದು.