ಹಳೇ ಸೀರೆಯ ಜರಿ ಬೆಳ್ಳಿಯೋ, ಗಿಲೀಟೋ? ಮಾರುವ ಮುಂಚೆ ಒಂದು ಎಳೆ ಕಿತ್ತು ನೋಡಿ

2025ರ ಡಿಸೆಂಬರಿನಲ್ಲಿ ಮೊಳಕಾಲ್ಮೂರಿನ ನಮ್ಮ ಚಿಕ್ಕಮ್ಮನ ಮನೆ ಮುಂದೆ ಒಂದು ಬೈಕ್ ಬಂದು ನಿಂತಿತು. "ಹಳೇ ರೇಷ್ಮೆ ಸೀರೆ ತಗೋತೀವಿ, ಹರಿದಿದ್ರೂ ಪರವಾಗಿಲ್ಲ." ಚಿಕ್ಕಮ್ಮ ಟ್ರಂಕಿನಿಂದ ಎರಡು ಸೀರೆ ತಂದಳು. ಒಂದು ಅವಳ ಮದುವೆಯದು, ನಲವತ್ತು ವರ್ಷ ಹಳೆಯದು. ಇನ್ನೊಂದು ಮಗಳ ಮದುವೆಗೆ ತಗೊಂಡಿದ್ದು. ಬಂದವನು ಮೊದಲನೆಯದರ ಅಂಚು ಬೆರಳಲ್ಲಿ ಉಜ್ಜಿ, "ಕಪ್ಪಾಗಿಬಿಟ್ಟಿದೆ ನೋಡಮ್ಮ, ತಾಮ್ರದ ಜರಿ. ಸಾವಿರದ ಐನೂರು ಕೊಡ್ತೀನಿ" ಅಂದ. ಚಿಕ್ಕಮ್ಮ ನನ್ನ ಕಡೆ ತಿರುಗಿ, "ಇಂಜಿನಿಯರಿಂಗ್ ಓದಿದೀಯಲ್ಲಪ್ಪ, ನೀನೇ ಹೇಳು" ಅಂದಳು.

ನಾಲ್ಕು ವರ್ಷದ ಡಿಗ್ರಿಯಲ್ಲಿ ಸೀರೆ ಬಗ್ಗೆ ಒಂದಕ್ಷರ ಇರಲಿಲ್ಲ. ಆದರೆ ಆತ ಹೇಳಿದ ಕಾರಣ ಮಾತ್ರ ಉಲ್ಟಾ ಅಂತ ಗೊತ್ತಿತ್ತು. ಗಾಳಿಯಲ್ಲಿರುವ ಗಂಧಕದ ಅಂಶ ತಗುಲಿ ಕಪ್ಪಾಗೋದು ಬೆಳ್ಳಿಯ ಗುಣ. ತಾಮ್ರ ಹಳೆಯದಾದರೆ ಕಂದು ತಿರುಗುತ್ತೆ, ತೇವ ಸಿಕ್ಕರೆ ಹಸಿರು ಕಿಲುಬು ಹಿಡಿಯುತ್ತೆ. ಬರೀ ಕಪ್ಪು ನೋಡಿ ತಾಮ್ರ ಅಂತ ಯಾರಾದರೂ ತೀರ್ಪು ಕೊಟ್ಟರೆ, ಅವರಿಗೆ ಗೊತ್ತಿಲ್ಲ ಅಥವಾ ಚೆನ್ನಾಗಿಯೇ ಗೊತ್ತಿದೆ.

ಈ ಬೈಕುಗಳ ಓಡಾಟ ಯಾಕೆ ಹೆಚ್ಚಿತು ಅನ್ನೋದು ಗುಟ್ಟೇನಲ್ಲ. 2025ರ ಆರಂಭದಲ್ಲಿ ಕಿಲೋಗೆ 90 ಸಾವಿರದ ಆಸುಪಾಸಿನಲ್ಲಿದ್ದ ಬೆಳ್ಳಿ ಡಿಸೆಂಬರ್ ಹೊತ್ತಿಗೆ 2 ಲಕ್ಷ ದಾಟಿತು. ಹಳೇ ಸೀರೆ ಕೊಳ್ಳುವವರು ಉಡೋಕೆ ಕೊಳ್ಳಲ್ಲ. ಸುಟ್ಟು, ಉಳಿದದ್ದನ್ನು ಕರಗಿಸಿ ಬೆಳ್ಳಿ ತೆಗೀತಾರೆ.

ಅಸಲಿ ಜರಿ ಅಂದರೆ ಏನು? ಒಳಗೆ ರೇಷ್ಮೆ ಎಳೆ. ಅದರ ಮೇಲೆ ಚಪ್ಪಟೆ ಮಾಡಿದ, ಕೂದಲಿಗಿಂತ ತೆಳುವಾದ ಬೆಳ್ಳಿ ತಂತಿಯ ಸುತ್ತು. ಕೊನೆಗೆ ಚಿನ್ನದ ಲೇಪ. ದೇಶದ ಜರಿಯಲ್ಲಿ ದೊಡ್ಡ ಪಾಲು ಬರೋದು ಸೂರತ್ತಿನಿಂದ. ಅಲ್ಲೇ ತಯಾರಾಗುವ ಇನ್ನೊಂದು ಮಾಲಿಗೆ 'ಟೆಸ್ಟೆಡ್ ಜರಿ' ಅಂತ ಹೆಸರು. ಹೆಸರು ಕೇಳಿದರೆ ಪರೀಕ್ಷೆ ಪಾಸಾದ ಜರಿ ಅನ್ನಿಸುತ್ತೆ, ಅಲ್ವಾ? ಅದು ಬೆಳ್ಳಿ ಗಿಲೀಟು ಹಾಕಿದ ತಾಮ್ರ. ಒಳಗಿನ ಎಳೆ ಹೆಚ್ಚಾಗಿ ಹತ್ತಿ ಅಥವಾ ಪಾಲಿಯೆಸ್ಟರ್. ಮೂರನೆಯದು ಪ್ಲಾಸ್ಟಿಕ್ ಹಾಳೆಯ ಜರಿ, ಅದರಲ್ಲಿ ಲೋಹ ಅನ್ನೋದು ಬರೀ ಹೊಳಪಿಗೆ.

ಮನೆಯಲ್ಲೇ ನೋಡಬಹುದು. ಸೆರಗಿನ ತುದಿಯಿಂದ ಒಂದೇ ಒಂದು ಜರಿ ಎಳೆ ಬಿಡಿಸಿ, ಒರಟು ಕಲ್ಲಿನ ಮೇಲೆ ಉಜ್ಜಿ. ಇಲ್ಲಿ ಬಹಳ ಜನ ಎಡವೋದು ಬೇಗ ನಿಲ್ಲಿಸಿ. ಟೆಸ್ಟೆಡ್ ಜರಿಯಲ್ಲೂ ಚಿನ್ನದ ಬಣ್ಣ ಹೋದ ತಕ್ಷಣ ಬಿಳಿ ಕಾಣುತ್ತೆ, ಯಾಕಂದ್ರೆ ಗಿಲೀಟೂ ಬೆಳ್ಳಿಯೇ ತಾನೆ. ಇನ್ನೂ ನಾಲ್ಕು ಸಲ ಉಜ್ಜಿ. ಕೆಂಪು ಬಂದರೆ ತಾಮ್ರ. ಬಿಳಿಯಾಗಿಯೇ ಉಳಿದರೆ ಬೆಳ್ಳಿ. ಆಮೇಲೆ ಎಳೆಯ ತುದಿಯನ್ನು ಬೆಂಕಿಗೆ ಹಿಡಿಯಿರಿ. ರೇಷ್ಮೆ ಆದರೆ ಕೂದಲು ಸುಟ್ಟ ವಾಸನೆ, ಬೆರಳಲ್ಲಿ ಪುಡಿಯಾಗುವ ಬೂದಿ. ಪಾಲಿಯೆಸ್ಟರ್ ಆದರೆ ಕರಗಿ ಗಟ್ಟಿ ಮಣಿಯಾಗುತ್ತೆ. ಕೆಲವರು ಅಯಸ್ಕಾಂತ ಹಿಡಿದು ನೋಡ್ತಾರೆ. ಅದರಿಂದ ಏನೂ ತಿಳಿಯಲ್ಲ, ಬೆಳ್ಳಿಯಾಗಲಿ ತಾಮ್ರವಾಗಲಿ ಅಂಟೋದೇ ಇಲ್ಲ.

ಚಿಕ್ಕಮ್ಮನ ಜಗುಲಿ ಕಲ್ಲಿನ ಮೇಲೆ ಎರಡೂ ಎಳೆ ಉಜ್ಜಿದೆವು. ಕಪ್ಪಾಗಿದ್ದ ಮದುವೆ ಸೀರೆ ಬಿಳಿಯಾಗಿಯೇ ಉಳಿಯಿತು. ಮಗಳ ಮದುವೆಗೆ ಅದಕ್ಕಿಂತ ಎಷ್ಟೋ ಪಟ್ಟು ದುಡ್ಡು ಕೊಟ್ಟು ತಂದ, ಇನ್ನೂ ಹೊಳೀತಿದ್ದ ಸೀರೆ ಕೆಂಪು ತೋರಿಸಿತು. ಮರುದಿನ ಚಳ್ಳಕೆರೆಗೆ ಹೋಗಿ ಒಬ್ಬ ಆಚಾರಿಯ ಒರೆಗಲ್ಲಿಗೂ ಹಾಕಿಸಿದೆವು. ಅದೇ ಉತ್ತರ.

ಲೆಕ್ಕಕ್ಕೆ ಬರೋಣ. ಕೆಎಸ್‌ಐಸಿ ತನ್ನ ಮೈಸೂರು ಸಿಲ್ಕ್ ಜರಿಯಲ್ಲಿ 65% ಬೆಳ್ಳಿ, 0.65% ಚಿನ್ನ ಇದೆ ಅಂತ ಹೇಳುತ್ತೆ. ಆ ಪ್ರಮಾಣದ ಜರಿ ಒಂದು ಸೀರೆಯಲ್ಲಿ 100 ಗ್ರಾಂ ಇದೆ ಅಂದುಕೊಳ್ಳಿ. ಗ್ರಾಮಿಗೆ 200 ರೂಪಾಯಿಯಂತೆ 65 ಗ್ರಾಂ ಬೆಳ್ಳಿಗೆ 13,000. ಚಿನ್ನ ಗ್ರಾಮಿಗೆ 12,000 ಅಂತ ಇಟ್ಟರೂ 7,800. ಎಲ್ಲ ಸೀರೆಗೂ ಈ ಲೆಕ್ಕ ಹೊಂದಲ್ಲ, ಜರಿ ಕಡಿಮೆ ಇರಬಹುದು, ಬೆಳ್ಳಿಯ ಪಾಲೂ ಕಡಿಮೆ ಇರಬಹುದು. ಕರಗಿಸುವ ಖರ್ಚು, ಸವಕಳಿ, ವ್ಯಾಪಾರಿಯ ಲಾಭ ಎಲ್ಲ ಕಳೆಯಿರಿ. ಆದರೂ ಸಾವಿರದ ಐನೂರು ಎಲ್ಲಿ, ಇದೆಲ್ಲಿ?

ಪಾತ್ರೆಗೂ ಇದೇ ಗಿಲೀಟಿನ ಕಥೆ. ಗಿರವಿ ಹರಾಜಿನಲ್ಲೋ ಪರಿಚಯದವರ ಹತ್ತಿರವೋ ಹಳೇ ತಟ್ಟೆ, ಲೋಟ ಕೊಳ್ಳುವವರು ಮೊದಲು ಬುಡ ಮತ್ತು ಅಂಚು ನೋಡಬೇಕು. ಸವೆಯೋದು ಅಲ್ಲೇ. ಹಳದಿಯೋ ಕೆಂಪೋ ಇಣುಕಿದರೆ ಒಳಗಿರೋದು ಹಿತ್ತಾಳೆ ಅಥವಾ ತಾಮ್ರ. 'ಇಪಿಎನ್‌ಎಸ್' ಅಂತ ಒತ್ತಿದ್ದರೆ ಬೆಳ್ಳಿ ಲೇಪ ಮಾತ್ರ. 'ಜರ್ಮನ್ ಸಿಲ್ವರ್' ಅನ್ನೋದು ತಾಮ್ರ, ನಿಕಲ್, ಸತುವಿನ ಮಿಶ್ರಣ, ಅದರಲ್ಲಿ ಚೂರೂ ಬೆಳ್ಳಿ ಇಲ್ಲ. '925' ಅಂದರೆ ಸಾವಿರಕ್ಕೆ 925 ಪಾಲು ಬೆಳ್ಳಿ, ಸ್ಟರ್ಲಿಂಗ್ ಅನ್ನೋದು ಇದನ್ನೇ. ಆದರೆ ನಮ್ಮ ಕಡೆಯ ಹಳೇ ಪಾತ್ರೆಗಳಲ್ಲಿ ಎಷ್ಟೋ ಸಲ ಅಂಗಡಿಯ ಅಕ್ಷರ ಬಿಟ್ಟರೆ ಬೇರೆ ಮುದ್ರೆ ಇರಲ್ಲ.

ಆಗ ಆರ್ಕಿಮಿಡೀಸ್ ನೆರವಿಗೆ ಬರ್ತಾನೆ. (ಕೊನೆಗೂ ಡಿಗ್ರಿ ಉಪಯೋಗಕ್ಕೆ ಬಂತು.) ಅಡುಗೆಮನೆಯ ಡಿಜಿಟಲ್ ತಕ್ಕಡಿಯಲ್ಲಿ ಪಾತ್ರೆ ತೂಗಿ. ನಂತರ ನೀರು ತುಂಬಿದ ಬೋಗುಣಿಯನ್ನು ತಕ್ಕಡಿ ಮೇಲಿಟ್ಟು ಸೊನ್ನೆ ಮಾಡಿ. ಪಾತ್ರೆಗೆ ದಾರ ಕಟ್ಟಿ, ತಳ ಮುಟ್ಟದ ಹಾಗೆ, ಒಳಗೆ ಗಾಳಿ ಉಳಿಯದ ಹಾಗೆ ನೀರಲ್ಲಿ ಪೂರ್ತಿ ಮುಳುಗಿಸಿ. ಈಗ ತೋರಿಸುವ ಸಂಖ್ಯೆಯಿಂದ ಮೊದಲಿನ ತೂಕವನ್ನು ಭಾಗಿಸಿ. ಶುದ್ಧ ಬೆಳ್ಳಿ 10.5, ಸ್ಟರ್ಲಿಂಗ್ 10.4ರ ಹತ್ತಿರ, ತಾಮ್ರ 9ರ ಆಸುಪಾಸು, ಹಿತ್ತಾಳೆ, ಜರ್ಮನ್ ಸಿಲ್ವರ್ ಎರಡೂ ಎಂಟೂವರೆಯ ಹತ್ತಿರ. ಚಿಕ್ಕಮ್ಮ ಹರಾಜಿನಲ್ಲಿ ತಂದಿದ್ದ 240 ಗ್ರಾಂ ಚೆಂಬು 23, 24ರ ನಡುವೆ ಅಲ್ಲಾಡಿತು, ಅಂದರೆ 10ಕ್ಕಿಂತ ಕಡಿಮೆಯಿಲ್ಲ. ಬೆಳ್ಳಿಯೇ. ಎಷ್ಟು ಶುದ್ಧ ಅಂತ ಈ ತಕ್ಕಡಿ ಹೇಳಲ್ಲ. ಒಳಗೆ ಅರಗು ತುಂಬಿದ ದೀಪ, ವಿಗ್ರಹಗಳಿಗೆ ಈ ಉಪಾಯ ನಡೆಯಲ್ಲ. ಎಕ್ಸ್‌ಆರ್‌ಎಫ್ ಯಂತ್ರದ ರಿಪೋರ್ಟು ಕೊಟ್ಟರೂ ಕೇಳಿ: ಅದು ನೋಡೋದು ಮೇಲ್ಪದರವನ್ನ. ಗಿಲೀಟು ದಪ್ಪ ಇದ್ದರೆ ಯಂತ್ರವೂ ಮೋಸ ಹೋಗುತ್ತೆ, ಒಂದು ಕಡೆ ಕೆರೆದು ನೋಡಿದ್ದಾರಾ ಅನ್ನೋದು ಮುಖ್ಯ.

ಇಷ್ಟೆಲ್ಲ ಸರ್ಕಸ್ ಜನ ಯಾಕೆ ಮಾಡಬೇಕು? ಚಿನ್ನದ ಒಡವೆಗೆ 2021ರ ಜೂನ್ 16ರಿಂದ ಹಂತ ಹಂತವಾಗಿ ಹಾಲ್‌ಮಾರ್ಕ್ ಕಡ್ಡಾಯವಾಯ್ತು. ಬೆಳ್ಳಿಗೆ 2025ರ ಸೆಪ್ಟೆಂಬರ್ 1ರಿಂದ ಆರು ಅಂಕಿ-ಅಕ್ಷರಗಳ ಎಚ್‌ಯುಐಡಿ ಬಂತು, ಬಿಐಎಸ್ ಕೇರ್ ಆ್ಯಪಿನಲ್ಲಿ ಹಾಕಿ ನೋಡಬಹುದು. ಆದರೆ ಅದು ಅಂಗಡಿಯವರ ಇಷ್ಟಕ್ಕೆ ಬಿಟ್ಟದ್ದು. ಚಿನ್ನ ಕೊಳ್ಳಲಾಗದವರೇ ಹೆಚ್ಚಾಗಿ ನೆಚ್ಚಿಕೊಳ್ಳುವ ಲೋಹಕ್ಕೆ ಕಡ್ಡಾಯ ಇಲ್ಲ ಅನ್ನೋದು ನನಗಂತೂ ಆಕಸ್ಮಿಕ ಅನ್ನಿಸಲ್ಲ. ಇನ್ನು ಜರಿಯ ಪಾಡು ಇನ್ನೂ ಕೆಟ್ಟದು. ಸೀರೆಗೆ ನೇತುಹಾಕಿದ ಸಿಲ್ಕ್ ಮಾರ್ಕ್ ಚೀಟಿ ರೇಷ್ಮೆಗೆ ಮಾತ್ರ ಖಾತರಿ, ಜರಿಗಲ್ಲ. ಮೊಳಕಾಲ್ಮೂರು ಸೀರೆಗೆ 2011ರಲ್ಲಿ ಸಿಕ್ಕ ಜಿಐ ಟ್ಯಾಗ್ ಕಾಯೋದು ಊರಿನ ಹೆಸರನ್ನ.

ಇದಕ್ಕೆ ನೇಕಾರರನ್ನ ಬೈಯೋದು ಸುಲಭ. ಆದರೆ ಕೂಲಿಗೆ ನೇಯುವವರ ಕೈಗೆ ನೂಲೂ ಜರಿಯೂ ಕೊಡೋದು ಮಾಲೀಕರು. ಕೊಟ್ಟಿದ್ದನ್ನ ನೇಯೋದು ಅವರ ಕೆಲಸ. ಟೆಸ್ಟೆಡ್ ಜರಿ ಬಳಸೋದೇ ಮೋಸ ಅಂತಲೂ ಅಲ್ಲ. ಈ ಬೆಳ್ಳಿ ರೇಟಿನಲ್ಲಿ ಎಲ್ಲರೂ ಅಸಲಿ ಜರಿ ಉಡೋಕಾಗಲ್ಲ. ಟೆಸ್ಟೆಡ್ ಅಂತ ಬಿಲ್ಲಿನಲ್ಲಿ ಬರೆದು, ಅದರ ರೇಟಿಗೇ ಮಾರಲಿ. ಹೊಸ ಸೀರೆ ಕೊಳ್ಳುವಾಗ ನೀವೂ ಕೇಳಿ: ಜರಿ ಯಾವುದು, ಬೆಳ್ಳಿ ಎಷ್ಟು ಪರ್ಸೆಂಟ್, ಬಿಲ್ಲಿನಲ್ಲಿ ಬರೆದುಕೊಡ್ತೀರಾ?

ಬೈಕಿನವನು ಮುಂದಿನ ವಾರ ಮತ್ತೆ ಬಂದನಂತೆ. ಈ ಸಲ ನಾಲ್ಕು ಸಾವಿರ ಅಂದನಂತೆ. "ತಾಮ್ರಕ್ಕೆ ಯಾಕಪ್ಪ ಅಷ್ಟು ದುಡ್ಡು ಕೊಡ್ತೀಯ?" ಅಂತ ಕೇಳಿ ಕಳಿಸಿದೆ ಅಂದಳು ಚಿಕ್ಕಮ್ಮ ಫೋನಿನಲ್ಲಿ.