ಪಿಸ್ತೂಲಿನ ಶುದ್ಧೀಕರಣ: ಕ್ರಮವೂ ಕಾರಣವೂ

ಆಯುಧಗಳ ಚರಿತ್ರೆಯನ್ನು ಬರೆದವರು ರಣರಂಗದಲ್ಲಿ ಅವುಗಳ ಪ್ರಯೋಗಕ್ಕೆ ಕೊಟ್ಟಷ್ಟು ಗಮನವನ್ನು ಮನೆಯಲ್ಲಿ ಅವುಗಳ ಆರೈಕೆಗೆ ಕೊಟ್ಟಿಲ್ಲ. ಆದರೆ ಶುಚಿಗೊಳಿಸುವ ಹೊತ್ತಿನಲ್ಲಿಯೇ ಪಿಸ್ತೂಲು ತನ್ನ ಒಡೆಯನನ್ನೋ ಮನೆಯವರನ್ನೋ ಗಾಯಗೊಳಿಸಿದ ಪ್ರಸಂಗಗಳುಂಟು. ಇದಕ್ಕೆ ಕಾರಣವನ್ನು ಯಂತ್ರದ ರಚನೆಯಲ್ಲಿಯೇ ಅರಸಬೇಕು.

ಕೊಡಗಿನ ಕೈಲ್ ಮುಹೂರ್ತದ ಹಬ್ಬದಲ್ಲಿ ಮನೆಯ ಕೋವಿಗಳನ್ನು ಶುಚಿಮಾಡಿ ಪೂಜೆಗಿಡುವ ಪದ್ಧತಿಯನ್ನು ನಮ್ಮ ವಾಚಕರು ಬಲ್ಲರು. ಜೋಡುನಳಿಗೆಯ ಕೋವಿಯನ್ನು ನಡುವೆ ಮಡಿಸಿ ತೆರೆದೊಡನೆಯೇ ಎರಡು ನಳಿಗೆಗಳ ಹಿಂಬದಿಯೂ ಕಣ್ಣಿಗೆ ಬೀಳುತ್ತದೆ. ತೋಟಾ ಇದೆಯೋ ಇಲ್ಲವೋ ಎಂಬ ಸಂದೇಹಕ್ಕೆ ಎಡೆಯಿಲ್ಲ. ಅರೆ-ಸ್ವಯಂಚಾಲಿತ ಪಿಸ್ತೂಲಿನ ಸಂಗತಿ ಬೇರೆ. ಜಾನ್ ಬ್ರೌನಿಂಗ್ ರೂಪಿಸಿ, ಅಮೆರಿಕದ ಸೇನೆ 1911ರಲ್ಲಿ ಅಂಗೀಕರಿಸಿದ ಪಿಸ್ತೂಲನ್ನೇ ನಿದರ್ಶನವಾಗಿ ತೆಗೆದುಕೊಳ್ಳೋಣ. ಇದರ ಹಿಡಿಯೊಳಗಣ ಮ್ಯಾಗಜಿನ್ನಿನಲ್ಲಿ ಏಳು ತೋಟಾಗಳು ಹಿಡಿಸುತ್ತವೆ. ಗುಂಡು ಹಾರಿದಾಗ ಮೇಲಿನ ಸ್ಲೈಡು ಹಿಂದಕ್ಕೆ ಸರಿದು ಬರಿಯ ಕವಚವನ್ನು ಹೊರಗೆಸೆಯುತ್ತದೆ. ಸ್ಪ್ರಿಂಗಿನ ಬಲದಿಂದ ಮುಂದಕ್ಕೆ ಮರಳುವಾಗ ಹೊಸ ತೋಟಾವನ್ನು ನಳಿಗೆಯ ಹಿಂತುದಿಯಲ್ಲಿರುವ ಚೇಂಬರಿಗೆ ತಳ್ಳುತ್ತದೆ. ಆದುದರಿಂದ ಮ್ಯಾಗಜಿನ್ನನ್ನು ಕಳಚಿ ಮೇಜಿನ ಮೇಲಿಟ್ಟ ಬಳಿಕವೂ ಚೇಂಬರಿನಲ್ಲಿ ಒಂದು ತೋಟಾ ಉಳಿದಿರಬಹುದು. 1935ರ ಬ್ರೌನಿಂಗ್ ಹೈ-ಪವರ್ ಪಿಸ್ತೂಲಿನಲ್ಲಿ ಮ್ಯಾಗಜಿನ್ ಇಲ್ಲದಿದ್ದರೆ ಟ್ರಿಗರ್ ಕೆಲಸಮಾಡದಂತೆ ಏರ್ಪಾಡು ಮಾಡಿದ್ದರು. 1911ರ ಪಿಸ್ತೂಲಿಗೆ ಅದಿಲ್ಲ.

ಮೊದಲು ಮ್ಯಾಗಜಿನ್ನನ್ನು ತೆಗೆದು ಅನಂತರ ಸ್ಲೈಡನ್ನು ಹಿಂದಕ್ಕೆಳೆದರೆ ಚೇಂಬರಿನ ತೋಟಾ ಹೊರಬೀಳುತ್ತದೆ. ಇದನ್ನೇ ಹಿಂದುಮುಂದು ಮಾಡಿದವನು, ತೋಟಾ ಹೊರಬಿದ್ದುದನ್ನು ಕಂಡು ಸಮಾಧಾನಪಡುವಷ್ಟರಲ್ಲಿ, ಸ್ಲೈಡು ಮತ್ತೊಂದನ್ನು ಒಳಸೇರಿಸಿರುತ್ತದೆ. ಆಮೇಲೆ ಮ್ಯಾಗಜಿನ್ ತೆಗೆದೂ ಪ್ರಯೋಜನವಿಲ್ಲ. ಆದಕಾರಣ ಸ್ಲೈಡನ್ನು ಹಿಂದೆಯೇ ತಡೆದು ನಿಲ್ಲಿಸಿ, ಚೇಂಬರನ್ನು ಕಣ್ಣಿನಿಂದ ನೋಡಿ, ಕಿರುಬೆರಳಿನಿಂದ ಮುಟ್ಟಿಯೂ ಪರೀಕ್ಷಿಸತಕ್ಕದ್ದು. ಅಷ್ಟು ಹೊತ್ತೂ ನಳಿಗೆಯ ಬಾಯಿ ಜನರಿಲ್ಲದ, ಗುಂಡನ್ನು ತಡೆಯಬಲ್ಲ ದಿಕ್ಕಿಗೆ ತಿರುಗಿರಬೇಕು. ಬೆರಳು ಟ್ರಿಗರಿನ ಹೊರಗಿರಬೇಕು. ತೋಟಾಗಳನ್ನೆಲ್ಲ ಬೇರೊಂದು ಕೋಣೆಗೆ ಸಾಗಿಸಿದ ಮೇಲೆಯೇ ಬಿಚ್ಚುವ ಕೆಲಸ. 1982ರಲ್ಲಿ ಆಸ್ಟ್ರಿಯದ ಸೇನೆ ಅಂಗೀಕರಿಸಿದ ಗ್ಲಾಕ್ ಪಿಸ್ತೂಲಿನಲ್ಲಿ ಭಾಗಗಳನ್ನು ಕಳಚುವ ಮುನ್ನ ಟ್ರಿಗರನ್ನು ಒತ್ತಲೇಬೇಕಾಗುತ್ತದೆ. ಚೇಂಬರನ್ನು ನೋಡದೆ ಒತ್ತಿದವನ ಗತಿಯನ್ನು ವಿವರಿಸಬೇಕಾದುದಿಲ್ಲ. 1911ರ ಪಿಸ್ತೂಲಿನಲ್ಲಿ ಈ ತೊಡಕಿಲ್ಲವಾದರೂ, ನಳಿಗೆಯ ಕೆಳಗಣ ಸ್ಪ್ರಿಂಗಿನ ಮುಚ್ಚಳ ಕೈಜಾರಿದರೆ ಕಣ್ಣಿಗೆ ಸಿಡಿಯಬಲ್ಲುದು. ಕನ್ನಡಕ ಧರಿಸುವುದು ಲೇಸು.

ಇನ್ನು ಶುಚಿಗೊಳಿಸುವುದೇತಕ್ಕೆ? ಇದರ ಉತ್ತರ ಕಾಲಕ್ಕೆ ತಕ್ಕಂತೆ ಬದಲಾಗಿದೆ. 20ನೆಯ ಶತಮಾನದ ಆದಿಭಾಗದ ತೋಟಾಗಳಲ್ಲಿ ಕಿಡಿ ಹೊತ್ತಿಸುವ ಪ್ರೈಮರಿನಲ್ಲಿ ಸಾಮಾನ್ಯವಾಗಿ ಪೊಟ್ಯಾಸಿಯಂ ಕ್ಲೋರೇಟ್ ಇರುತ್ತಿತ್ತು. ಅದು ಉರಿದು ಪೊಟ್ಯಾಸಿಯಂ ಕ್ಲೋರೈಡ್, ಎಂದರೆ ಅಡಿಗೆಯ ಉಪ್ಪಿಗೆ ಬಂಧುವಾದ ಲವಣ, ನಳಿಗೆಯಲ್ಲಿ ಉಳಿಯುತ್ತಿತ್ತು. ಈ ಲವಣ ಗಾಳಿಯ ತೇವವನ್ನು ಹೀರಿ ಉಕ್ಕಿಗೆ ತುಕ್ಕು ಹಿಡಿಸುತ್ತದೆ. ನೀರಿನಲ್ಲಿ ಕರಗುತ್ತದೆ, ಎಣ್ಣೆಯಲ್ಲಿ ಕರಗದು. ಬರಿಯ ಎಣ್ಣೆ ಸವರಿದವನ ನಳಿಗೆ ಎಣ್ಣೆಯ ಕೆಳಗೇ ತುಕ್ಕುಹಿಡಿಯುತ್ತಿದ್ದುದು ಇದರಿಂದ. ಉಕ್ಕಿಗೆ ನೀರು ವೈರಿಯಾದರೂ ಹಿಂದಿನ ಸೈನಿಕರು ನಳಿಗೆಯನ್ನು ಬಿಸಿನೀರಿನಿಂದ ತೊಳೆದು, ಚೆನ್ನಾಗಿ ಒಣಗಿಸಿ, ಬಳಿಕವೇ ಎಣ್ಣೆ ಹಚ್ಚುತ್ತಿದ್ದರು.

1920ರ ದಶಕದಲ್ಲಿ ಜರ್ಮನಿಯಲ್ಲಿ ಕ್ಲೋರೇಟಿಗೆ ಬದಲಾಗಿ ಸೀಸದ ಸ್ಟಿಫ್ನೇಟನ್ನು ಬಳಸುವ ಪ್ರೈಮರುಗಳು ಸಿದ್ಧವಾದವು. ಅಮೆರಿಕದ ಸೇನೆಯಲ್ಲಿ ಈ ಪರಿವರ್ತನೆ ಪೂರ್ಣವಾದುದು ಎರಡನೆಯ ಮಹಾಯುದ್ಧದ ತರುವಾಯ. ನಳಿಗೆಯ ತುಕ್ಕಿನ ಭಯ ತಗ್ಗಿತು. ಆದರೆ ಒರೆಸುವ ಬಟ್ಟೆಯ ಮಸಿಯಲ್ಲಿ ಸೀಸ ಸೇರಿತು. ಉಕ್ಕಿಗಿದ್ದ ಅಪಾಯ ಒರೆಸುವವನ ದೇಹಕ್ಕೆ ವರ್ಗವಾಯಿತೆನ್ನಬಹುದು. ಆದುದರಿಂದ ಈ ಕೆಲಸವನ್ನು ಊಟದ ಮೇಜಿನ ಮೇಲೆ ಮಾಡಲಾಗದು. ಕಿಟಕಿಗಳು ತೆರೆದಿರಬೇಕು, ಮಕ್ಕಳು ಹತ್ತಿರವಿರಬಾರದು, ಏನನ್ನೂ ತಿನ್ನಬಾರದು, ಕೊನೆಗೆ ಸಾಬೂನಿನಿಂದ ಕೈ ತೊಳೆಯಬೇಕು.

ಉಳಿದುದು ಸುಲಭ. ಬ್ರಷ್ಷನ್ನು ಚೇಂಬರಿನ ಕಡೆಯಿಂದ ಬಾಯಿಯ ಕಡೆಗೆ ನೂಕಬೇಕು. ಬಾಯಿಯ ಅಂಚು ಸವೆದರೆ ಗುರಿ ಕೆಡುತ್ತದೆ. ಎಣ್ಣೆ ತೆಳುವಾಗಿರಲಿ, ಹೆಚ್ಚಾದರೆ ಧೂಳು ಅಂಟಿಕೊಳ್ಳುತ್ತದೆ. ಜೋಡಿಸಿದ ಮೇಲೆ ಸ್ಲೈಡನ್ನು ನಾಲ್ಕಾರು ಸಲ ಎಳೆದು ನೋಡಿ, ಪಿಸ್ತೂಲನ್ನು ಒಂದು ಬೀಗದೊಳಗೆ, ತೋಟಾಗಳನ್ನು ಇನ್ನೊಂದು ಬೀಗದೊಳಗೆ ಇಡತಕ್ಕದ್ದು.