ಫೋನಿನಲ್ಲಿ ಮೀಟಿಂಗ್: ಸಿಗ್ನಲ್ ಇಲ್ಲದವರನ್ನು ಮರೆಯಬೇಡಿ

ನಮ್ಮದು 11 ಮನೆಗಳ ಸಣ್ಣ ಗುಂಪು. ಹಲಸಿನ ಹಪ್ಪಳ, ಪುನರ್ಪುಳಿಯ ಒಣಸಿಪ್ಪೆ ಮಾಡಿ ಒಟ್ಟಾಗಿ ಮಾರುತ್ತೇವೆ. ಒಂದು ಮನೆಯಿಂದ ಇನ್ನೊಂದಕ್ಕೆ ಗುಡ್ಡ, ತೋಡು ದಾಟಬೇಕು. ಮಳೆಗಾಲದಲ್ಲಿ ಎಲ್ಲರೂ ಒಂದೆಡೆ ಸೇರುವುದು ಕಷ್ಟ. ಹಾಗಾಗಿ ಮೂರು ವರ್ಷದಿಂದ ನಮ್ಮ ಮೀಟಿಂಗ್ ಫೋನಿನಲ್ಲೇ. ಕರೆಯುವ ಕೆಲಸ ನನ್ನದು.

ಕಳೆದ ಜುಲೈಯಲ್ಲಿ ಬೆಂಗಳೂರಿನ ವ್ಯಾಪಾರಿಯೊಬ್ಬರು ಹಪ್ಪಳಕ್ಕೆ ಸಗಟು ದರ ಕೇಳಿದರು. ಸಂಜೆ ವಿಡಿಯೋ ಮೀಟಿಂಗ್ ಮಾಡಿದೆವು. ಅರ್ಧದಲ್ಲಿ ಗಾಳಿಮಳೆ ಬಂದು ಕರೆಂಟು ಹೋಯಿತು. ತೋಡಿನಾಚೆಯ ಮೂರು ಮನೆಗಳಿಗೆ ಸಿಗ್ನಲ್ಲೂ ಹೋಯಿತು. ಉಳಿದವರು ಇದನ್ನು ಗಮನಿಸಲೇ ಇಲ್ಲ. ದರ ನಿಶ್ಚಯಿಸಿ ವ್ಯಾಪಾರಿಗೆ ತಿಳಿಸಿಯೂ ಬಿಟ್ಟೆವು.

ಮರುದಿನ ಬೆಳಿಗ್ಗೆ, ಗುಂಪಿನಲ್ಲಿ ಅತಿ ಹೆಚ್ಚು ಹಪ್ಪಳ ಮಾಡುವ ಅಕ್ಕ ನಮ್ಮ ಅಂಗಳದಲ್ಲಿದ್ದರು. "ಎಂತ ಮಾರಾಯ್ರೆ, ಹಪ್ಪಳ ಒತ್ತುವುದು ನಾನು, ರೇಟು ಮಾಡುವುದು ನೀವಾ?" ನನ್ನಲ್ಲಿ ಉತ್ತರವಿರಲಿಲ್ಲ. ಸೌದೆ, ಕೂಲಿ ಲೆಕ್ಕ ಹಾಕಿದರೆ ಆ ದರದಲ್ಲಿ ಅವರಿಗೆ ಏನೂ ಉಳಿಯುತ್ತಿರಲಿಲ್ಲ. ಎರಡು ಮನೆಯವರು ಗುಂಪು ಬಿಡುವ ಮಾತನ್ನೂ ಆಡಿದರು. ಕೊನೆಗೆ ವ್ಯಾಪಾರಿಯನ್ನು ಒಪ್ಪಿಸಿ ಎರಡನೇ ಲೋಡಿನಿಂದ ದರ ಏರಿಸಿದೆವು. ಮೊದಲ ಲೋಡಿನ ನಷ್ಟವನ್ನು ಎಲ್ಲರೂ ಹಂಚಿಕೊಂಡೆವು.

ಆಮೇಲೆಯೇ ನಾನು ಸಾಫ್ಟ್‌ವೇರ್ ಆಯ್ಕೆಯ ಬಗ್ಗೆ ಸರಿಯಾಗಿ ಯೋಚಿಸಿದ್ದು.

ಯಾವುದರಲ್ಲಿ ಏನಿದೆ?

ನಾನು ಇದನ್ನು ಬರೆಯುವ ಹೊತ್ತಿಗೆ, ಝೂಮ್‌ನ ಉಚಿತ ಯೋಜನೆಯಲ್ಲಿ 100 ಜನ ಸೇರಬಹುದು, ಆದರೆ 40 ನಿಮಿಷ ಮಾತ್ರ. ಗೂಗಲ್ ಮೀಟ್‌ನಲ್ಲಿಯೂ 100 ಜನ. ಮೂವರು ಅಥವಾ ಹೆಚ್ಚು ಮಂದಿ ಇದ್ದರೆ 60 ನಿಮಿಷ. ವಾಟ್ಸಾಪ್ ಕರೆಗೆ 32 ಜನ. ಇದು ಎಲ್ಲರ ಫೋನಿನಲ್ಲಿ ಮೊದಲೇ ಇರುತ್ತದೆ, ಹೊಸತಾಗಿ ಕಲಿಯಬೇಕಾಗಿಲ್ಲ. ಜಿಟ್ಸಿ ಎಂಬುದು ಮುಕ್ತ ತಂತ್ರಾಂಶ. ಅದರ ಉಚಿತ ತಾಣದಲ್ಲಿ 2023ರ ಆಗಸ್ಟ್‌ನಿಂದ ಮೀಟಿಂಗ್ ಶುರು ಮಾಡುವವರು ಲಾಗಿನ್ ಆಗಬೇಕು. ಉಳಿದವರಿಗೆ ಕೊಂಡಿ ಸಿಕ್ಕಿದರೆ ಸಾಕು.

ದುಡ್ಡು ಕೊಟ್ಟು ತೆಗೆದುಕೊಳ್ಳುವುದಾದರೆ ಒಂದು ವಿಷಯ ನೆನಪಿಡಿ. ಝೂಮ್‌ನಂಥದ್ದರಲ್ಲಿ ಹಣ ಕಟ್ಟಬೇಕಾದದ್ದು ಮೀಟಿಂಗ್ ಕರೆಯುವವರು ಮಾತ್ರ. ಎಲ್ಲ ಸದಸ್ಯರ ಹೆಸರಲ್ಲಿ ಕೊಳ್ಳಬೇಕಾಗಿಲ್ಲ.

ವಿಡಿಯೋ ಬೇಕೇ ಬೇಕಾ?

ಝೂಮ್‌ನವರೇ ಹೇಳುವ ಪ್ರಕಾರ ಬರೀ ಮಾತಿಗೆ ಸೆಕೆಂಡಿಗೆ 60ರಿಂದ 80 ಕಿಲೋಬಿಟ್ ಸಾಕು. ಇಬ್ಬರ ನಡುವಿನ ಒಳ್ಳೆಯ ವಿಡಿಯೋಕ್ಕೆ 600 ಕಿಲೋಬಿಟ್ ಬೇಕು. ಅಂದರೆ ಮುಖ ಕಾಣಬೇಕೆಂದರೆ ಏಳೆಂಟರಿಂದ ಹತ್ತು ಪಟ್ಟು ಹೆಚ್ಚು ಸಿಗ್ನಲ್. ಹಪ್ಪಳದ ದರ ಮಾತಾಡಲು ನಮಗೆ ಒಬ್ಬರ ಮುಖ ಒಬ್ಬರು ನೋಡಬೇಕಾಗಿಲ್ಲ, ದಿನಾ ನೋಡುತ್ತೇವೆ!

ಭದ್ರತೆಯ ಮಾತೂ ಇದೆ. 2020ರ ಏಪ್ರಿಲ್‌ನಲ್ಲಿ ಕೇಂದ್ರ ಗೃಹ ಸಚಿವಾಲಯ ಝೂಮ್ ಬಳಸುವವರಿಗೆ ಎಚ್ಚರಿಕೆ ಕೊಟ್ಟಿತ್ತು: ಪ್ರತಿ ಮೀಟಿಂಗಿಗೂ ಹೊಸ ಪಾಸ್‌ವರ್ಡ್ ಇಡಿ, ಬಂದವರನ್ನು ಹೊರಗೆ ಕಾಯಿಸಿ, ನೋಡಿ ಒಳಗೆ ಬಿಡಿ ಎಂದು. ಈ ಸಲಹೆ ಯಾವ ಸಾಫ್ಟ್‌ವೇರಿಗೂ ಸಲ್ಲುತ್ತದೆ. ಮೀಟಿಂಗ್ ಕೊಂಡಿಯನ್ನು ಊರಿನ ದೊಡ್ಡ ಗ್ರೂಪಿಗೆ ಹಾಕಬೇಡಿ.

ಲೆಕ್ಕ, ನಿರ್ಣಯಗಳನ್ನು ಸಾಫ್ಟ್‌ವೇರಿನೊಳಗೇ ಇಟ್ಟು ಕುಳಿತುಕೊಳ್ಳುವುದೂ ಬೇಡ. ಒಂದು ಕಾಲದಲ್ಲಿ ಎಲ್ಲರೂ ಬಳಸುತ್ತಿದ್ದ ಸ್ಕೈಪ್ 2025ರ ಮೇಯಲ್ಲಿ ಮುಚ್ಚಿತು. ನಮ್ಮದು 40 ರೂಪಾಯಿಯ ನೋಟ್ ಪುಸ್ತಕ.

ನಾವು ಮಾಡಿಕೊಂಡ ಕ್ರಮ

ಸದಸ್ಯರ ಮೀಟಿಂಗಿಗೆ ವಾಟ್ಸಾಪ್, ಮಾತು ಮಾತ್ರ. ವ್ಯಾಪಾರಿಗೆ ಒಣಗಿಸುವ ಕೋಣೆ, ಪ್ಯಾಕಿಂಗ್ ತೋರಿಸಬೇಕಾದಾಗ ಗೂಗಲ್ ಮೀಟ್. ಆಗ ಸಿಗ್ನಲ್ ಚೆನ್ನಾಗಿರುವ ಮನೆಯಲ್ಲಿ ನಾಲ್ಕು ಜನ ಒಂದೇ ಫೋನಿನೆದುರು ಕೂರುತ್ತೇವೆ. ಯಾವುದನ್ನೇ ಆರಿಸುವ ಮೊದಲು ಅತಿ ಹಳೆಯ ಫೋನು, ಅತಿ ಕಡಿಮೆ ಸಿಗ್ನಲ್ ಇರುವ ಮನೆಯಿಂದ ಪರೀಕ್ಷೆ. ಅಲ್ಲಿ ನಡೆದರೆ ಎಲ್ಲ ಕಡೆ ನಡೆಯುತ್ತದೆ.

ಮುಖ್ಯವಾದದ್ದು ಇನ್ನೊಂದು. ದರ ನಿಶ್ಚಯಿಸುವ ಮೊದಲು ಹೆಸರು ಕೂಗುತ್ತೇವೆ. ಉತ್ತರ ಬಾರದವರ ಹೆಸರು ಪುಸ್ತಕದಲ್ಲಿ ಬರೆಯುತ್ತೇವೆ. ಮರುದಿನ ಅವರಿಗೆ ಸಾದಾ ಫೋನು ಮಾಡಿ, ಇಲ್ಲವೇ ಮನೆಗೇ ಹೋಗಿ, ಒಪ್ಪಿಗೆ ಪಡೆದ ಮೇಲೆಯೇ ವ್ಯಾಪಾರಿಗೆ ಉತ್ತರ. ಒಂದು ದಿನ ತಡವಾಗುತ್ತದೆ, ನಿಜ. ಅದರಿಂದ ಈವರೆಗೆ ಒಂದು ಆರ್ಡರೂ ತಪ್ಪಿಲ್ಲ.

ಈಗ ಹೆಸರು ಕೂಗುವ ಕೆಲಸ ಆ ಅಕ್ಕನದ್ದೇ. ನಿಮ್ಮ ಗುಂಪಿನಲ್ಲಿ ಇದಕ್ಕಿಂತ ಒಳ್ಳೆಯ ಉಪಾಯ ಇದ್ದರೆ ಪತ್ರಿಕೆಗೆ ಬರೆಯಿರಿ, ನಮಗೂ ಉಪಕಾರವಾದೀತು.